ಹಗ್ಗದ ಬದಿಯಲ್ಲಿ ಉಳಿದ ಒಂದು ಜೊತೆ ಚಪ್ಪಲಿ

ಹತ್ತನೆಯ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು. ಮುದ್ದೇಬಿಹಾಳದಲ್ಲಿ ಬಸ್ಸು ಎಷ್ಟು ಹೊತ್ತಿಗೆ ಬಿಟ್ಟಿತು, ತರಗತಿಗೆ ಎಷ್ಟು ಮಕ್ಕಳು ಬಂದಿದ್ದರು, ಎಷ್ಟು ಜನ ಮನೆಗೆಲಸ ಮಾಡಿರಲಿಲ್ಲ, ಇಂಥವೇ. ಗಣಿತದ ಶಿಕ್ಷಕಿಯಾದ ಮೇಲೆ ಈ ಚಟ ಇನ್ನೂ ಬೆಳೆಯಿತು. ಹಾಗಾಗಿ ಒಂಬತ್ತನೆಯ ತರಗತಿಯ ಇಪ್ಪತ್ತನಾಲ್ಕು ಮಕ್ಕಳನ್ನು ಮೂರು ದಿನದ ಕಯಾಕಿಂಗ್ ಶಿಬಿರಕ್ಕೆಂದು ತಂಗಡಗಿಯ ಹತ್ತಿರ ಕೃಷ್ಣೆಯ ದಂಡೆಗೆ ಕರೆದೊಯ್ಯುವುದೆಂದು ತೀರ್ಮಾನವಾದಾಗ, ಅವರನ್ನು ಎಣಿಸುವ ಕೆಲಸ ಯಾರಿಗೆ ಎಂಬ ಚರ್ಚೆಯೇ ನಡೆಯಲಿಲ್ಲ.

“ಕುರಿ ಕಾಯಾಕ ಹೊಂಟಂಗ ಆತ ನೋಡ್ರಿ ನಿಮ್ದು,” ಎಂದರು ವಿಜ್ಞಾನದ ಶಿಕ್ಷಕಿ. “ಸಂಜಿಗೆ ಒಂದ ಕಡಿಮಿ ಬಂದ್ರ ತ್ವಾಳನ್ನ ಕೇಳ್ರಿ.”

ನಾನೂ ನಕ್ಕೆ.

ತರಬೇತುದಾರ ಕರಾವಳಿ ಕಡೆಯ ಯುವಕ. ಮೊದಲ ಬೆಳಿಗ್ಗೆ ನನ್ನನ್ನು ದಂಡೆಯ ಎತ್ತರದ ಜಾಗದಲ್ಲಿ ನಿಲ್ಲಿಸಿ ಹೇಳಿದ: “ನೀವು ಬೇರೆ ಏನೂ ಮಾಡಬಾರದು ಮೇಡಂ. ಫೋಟೋ ಇಲ್ಲ, ಫೋನ್ ಇಲ್ಲ, ಚಹಾ ಕೂಡ ಇಲ್ಲ. ಎಣಿಸ್ತಾ ಇರಿ, ಅಷ್ಟೇ.” ಇಬ್ಬರು ಕೂರುವ ಆರು ದೋಣಿಗಳಿದ್ದವು. ಹನ್ನೆರಡು ಮಕ್ಕಳು ನೀರಿನಲ್ಲಿದ್ದರೆ ಉಳಿದ ಹನ್ನೆರಡು ಜನ ದಂಡೆಯಲ್ಲಿ. ಎಲ್ಲರಿಗೂ ಲೈಫ್ ಜಾಕೆಟ್, ಅದಕ್ಕೊಂದು ಸೀಟಿ. ನಾನು ಒಂದು ಸಲ ಸೀಟಿ ಊದಿದರೆ ನಿಂತು ನನ್ನತ್ತ ನೋಡಬೇಕು, ಮೂರು ಸಲ ಊದಿದರೆ ಎಲ್ಲರೂ ದಂಡೆಗೆ. ನೀರಿನಲ್ಲಿ ದೋಣಿಯಿಂದ ಇಳಿಯಬಾರದು. ಹೇಗಾದರೂ ದೋಣಿಯಿಂದ ಬೇರೆಯಾದವರು ಈಜಲು ಹೋಗಬಾರದು, ಇದ್ದಲ್ಲೇ ಇದ್ದು ಸೀಟಿ ಊದಬೇಕು. ಕರೆತರುವುದಕ್ಕೆ ತರಬೇತುದಾರನ ದೋಣಿ ಒಂದು, ಹೊಳೆಯಲ್ಲೇ ಮೀನು ಹಿಡಿದು ಬಾಳಿದ ಊರಿನ ಕಾಕಾನ ದೋಣಿ ಇನ್ನೊಂದು.

ಎಲ್ಲ ನಿಯಮಗಳನ್ನೂ ತಲೆಯಾಡಿಸಿ ಒಪ್ಪಿದ ಮಕ್ಕಳು ಒಂದನ್ನು ಮಾತ್ರ ಕೇಳಲಿಲ್ಲ. ಕಪ್ಪೆಚಿಪ್ಪು, ಗಾಜು ಚುಚ್ಚುತ್ತವೆ, ಕಾಲಲ್ಲಿ ಇದ್ದದ್ದನ್ನು ತೆಗೆಯಬೇಡಿ ಎಂದು ತರಬೇತುದಾರ ಹೇಳಿದ್ದ. ನೀರಿನ ಅಂಚಿಗೆ ಬಂದದ್ದೇ ತಡ, ಇಪ್ಪತ್ತನಾಲ್ಕು ಜನರೂ ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಏನಿದು? ಹಾಕ್ಕೊಳ್ಳಿ!” ಎಂದ ಅವನು.

ಕಾಕಾ ದೋಣಿಯಿಂದಲೇ ಕೂಗಿದರು. “ಹೊಳಿಗೆ ಚಪ್ಪಲಿ ಹಾಕ್ಕೊಂಡ ಹ್ಯಾಂಗ ಇಳಿತಾವ್ರಿ ಸಾಹೇಬ್ರ, ಹುಡುಗ್ರು? ನಾನೇ ಇಳಿಯಂಗಿಲ್ಲ. ನಲವತ್ತ ವರ್ಷ ಆತ, ತಾಯಿ ಅನ್ನ ಹಾಕ್ಯಾಳ.”

ವಾದ ಅರ್ಧ ಗಂಟೆ ನಡೆಯಿತು (ಬರೆದುಕೊಂಡಿದ್ದೇನೆ). ಕೊನೆಗೆ ಇಬ್ಬರೂ ಸೇರಿ ಇಳಿಯುವ ಜಾಗದ ಚಿಪ್ಪು, ಕಲ್ಲು ಆರಿಸಿ ತೆಗೆದರು, ದೋಣಿಯವರೆಗೆ ಗೋಣಿಚೀಲ ಹಾಸಿದರು. ನಾನು ದಂಡೆಗುಂಟ ಒಂದು ಬಿಳಿ ಹಗ್ಗ ಎಳೆದು, ನೀರಿಗೆ ಇಳಿಯುವವರು ಅದರ ಬದಿಗೇ ಚಪ್ಪಲಿ ಬಿಡಬೇಕು, ಬಂದೊಡನೆ ಹಾಕಿಕೊಳ್ಳಬೇಕು ಎಂದೆ. ದಿನಚರಿಯಲ್ಲಿ ಮೂರು ಕಾಲಂ ಮಾಡಿದೆ: ನೀರಿನಲ್ಲಿ ಎಷ್ಟು, ದಂಡೆಯಲ್ಲಿ ಎಷ್ಟು, ಹಗ್ಗದ ಬದಿಗೆ ಎಷ್ಟು ಜೊತೆ. ಹತ್ತು ನಿಮಿಷಕ್ಕೊಮ್ಮೆ ಬರೆದೆ. ಎರಡು ದಿನ ಎಲ್ಲ ಸಾಲುಗಳಲ್ಲೂ ಹನ್ನೆರಡು, ಹನ್ನೆರಡು, ಹನ್ನೆರಡು.

ಮೂರನೆಯ ದಿನ ಪಾಲಕರು ನೋಡಲು ಬಂದರು. ತಾಳಿಕೋಟೆಯಿಂದಲೂ ಒಂದು ಟಂಟಂ ಗಾಡಿ ತುಂಬ ಜನ ಬಂದಿದ್ದರು. ಬಹುಮಾನ ಕೊಡಲು ಅತಿಥಿಯೊಬ್ಬರು ಶಾಮಿಯಾನದಲ್ಲಿ ಕೂತಿದ್ದರು. ಕೊನೆಯ ತಂಡ ನೀರಿನಲ್ಲಿದ್ದಾಗ ಕಾಕಾ ಪಶ್ಚಿಮಕ್ಕೆ ಕೈ ಮಾಡಿದರು. ನೀರಿನ ಬಣ್ಣ ಅಲ್ಲಿ ಕಪ್ಪಾಗಿತ್ತು. ಗಾಳಿ ಬರುತ್ತಿತ್ತು. ನಾನು ಮೂರು ಸಲ ಸೀಟಿ ಊದಿದೆ.

ಮಕ್ಕಳು ಚೆನ್ನಾಗಿಯೇ ಬಂದರು. ಆದರೆ ದೋಣಿಗಳು ಹತ್ತಿರವಾದಂತೆ ಪಾಲಕರು ದಂಡೆಗೆ ನುಗ್ಗಿದರು. ಅದೇ ಹೊತ್ತಿಗೆ ಮುಖ್ಯಗುರುಗಳು ಬಂದು, “ಟೀಚರ್, ಬಹುಮಾನದ ಪಟ್ಟಿ ನಿಮ್ಮ ಹತ್ರ ಐತಲ್ಲ, ಕೊಡ್ರಿ” ಎಂದರು. ನಾನು ಚೀಲದ ಕಡೆ ತಿರುಗಿ ಪಟ್ಟಿ ಹುಡುಕಿದೆ. ಆ ದಿನದ ಕೊನೆಯ ಸಾಲಿನಲ್ಲಿ ‘ದಂಡೆಯಲ್ಲಿ ಎಷ್ಟು’ ಎಂಬ ಕಾಲಂ ಖಾಲಿ ಇದೆ. ಆಮೇಲೂ ಅದನ್ನು ತುಂಬಿಲ್ಲ.

ತಿರುಗಿ ನೋಡಿದಾಗ ದೋಣಿಗಳು ಆರೂ ಬಂದಿದ್ದವು. ತರಬೇತುದಾರ ಆರು ಬೆರಳು ತೋರಿಸಿದ. ಮಕ್ಕಳು ಅಪ್ಪ ಅಮ್ಮಂದಿರ ನಡುವೆ ಬೆರೆತುಹೋಗಿದ್ದರು. ಹಗ್ಗದ ಬದಿಯಲ್ಲಿ ಒಂದು ಜೊತೆ ಚಪ್ಪಲಿ ಉಳಿದಿತ್ತು. ನೀಲಿ ಪಟ್ಟಿಯ ಹವಾಯಿ.

“ಯಾರೋ ಮರತಾರ ಬಿಡ್ರಿ,” ಎಂದರು ಮುಖ್ಯಗುರುಗಳು. “ಸಾಹೇಬ್ರು ಆಗಿಂದ ಕುಂತಾರ. ಮೊದಲ ಕಾರ್ಯಕ್ರಮ ಮುಗಿಸೋಣು.”

“ಇಲ್ಲ ಸರ್. ಎಣಿಸಬೇಕು.”

“ಒಂದ ಚಪ್ಪಲಿಗೆ ಕಾರ್ಯಕ್ರಮ ನಿಲ್ಲಸ್ತೀರೇನ್ರಿ?”

ನಾನು ಮತ್ತೆ ಮೂರು ಸಲ ಊದಿದೆ. ಗಾಳಿಯಲ್ಲಿ ಶಾಮಿಯಾನ ಪಟಪಟ ಎನ್ನುತ್ತಿತ್ತು. ಅತಿಥಿಗಳು ಎದ್ದು ನಿಂತರು. ಒಬ್ಬ ತಂದೆ, “ಏನ್ ಪೋಲೀಸ್ ಟೀಚರ್ ಮಾರಾಯಾ” ಎಂದದ್ದು ಕೇಳಿಸಿತು. ಮಕ್ಕಳು ಮಾತ್ರ ಮೂರು ದಿನದ ರೂಢಿಯಂತೆ ಸಾಲಾಗಿ ನಿಂತರು. ಇಪ್ಪತ್ತಮೂರು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತಮೂರು.

ಸಾಲಿನಲ್ಲಿ ಒಬ್ಬ ಹುಡುಗಿ ಅಳತೊಡಗಿದಳು. ಅವಳ ಜೊತೆ ದೋಣಿಯಲ್ಲಿ ಕೂತಿದ್ದ ಗೆಳತಿಯೇ ಇರಲಿಲ್ಲ. “ದೋಣಿ ಕೆಸರಿನ್ಯಾಗ ಸಿಕ್ಕಿತ್ರಿ ಅಕ್ಕೋರ, ಆ ಬಂಡಿಗಲ್ಲಿನ ಹಿಂದ. ಅಕಿ ಇಳದ ನೂಕಿದ್ಲು. ಗಾಳಿ ನನ್ನ ಎಳಕೊಂಡ ಬಂತ್ರಿ. ಅಕಿ ದಂಡಿಗುಂಟ ನಡಕೊಂಡ ಬರ್ತಾಳಂತ ತಿಳದೆ. ಇಳಿಬ್ಯಾಡ್ರಿ ಅಂದಿದ್ರಲ್ಲ, ಬೈತೀರಂತ ಹೇಳಲಿಲ್ಲ.”

ಆ ಬಂಡೆಗಳು ದಂಡೆಗೆ ಹತ್ತಿಕೊಂಡಂತೆ ಕಾಣುತ್ತವೆ. ಹತ್ತಿಕೊಂಡಿಲ್ಲ, ನಡುವೆ ಆಳವಾದ ನೀರಿದೆ. ಹಿಂದೆ ಉಳಿದವಳಿಗೆ ಈಜು ಅರ್ಧಂಬರ್ಧ ಬರುತ್ತಿತ್ತು, ಅದೇ ನನ್ನ ಹೆದರಿಕೆ. ಏನೂ ಬಾರದವರು ನೀರಿಗೆ ಇಳಿಯುವುದಿಲ್ಲ.

ಅಳುತ್ತಿದ್ದವಳ ಮಾತು ಮುಗಿಯುವ ಮೊದಲೇ ಕಾಕಾ ದೋಣಿ ನೂಕಿದ್ದರು. ತರಬೇತುದಾರ ಹಿಂದೆಯೇ ಹೋದ. ನಾನು ದಂಡೆ ಬಿಡುವಂತಿರಲಿಲ್ಲ. ಉಳಿದ ಇಪ್ಪತ್ತಮೂರು ಜನರನ್ನು ಕೂರಿಸಿ ಎಣಿಸುತ್ತ ನಿಂತೆ. ಮುಖ್ಯಗುರುಗಳು ನನ್ನ ಪಕ್ಕಕ್ಕೆ ಬಂದು ತಾವೂ ಎಣಿಸತೊಡಗಿದರು, ತುಟಿ ಅಲ್ಲಾಡಿಸುತ್ತ. ಹನ್ನೊಂದು ನಿಮಿಷ.

ಎರಡು ದೋಣಿಗಳು ಬಂಡೆಯ ಮರೆಯಿಂದ ಹೊರಬಂದವು. ಕಾಕಾನ ಮುಂದೆ ಕಿತ್ತಳೆ ಬಣ್ಣದ ಜಾಕೆಟ್ ಕೂತಿತ್ತು. ಅವಳ ಬಾಯಲ್ಲಿ ಸೀಟಿ ಇನ್ನೂ ಇತ್ತು.

“ಕಲ್ಲ ಮ್ಯಾಲ ಗುಬ್ಬಿ ಹಂಗ ಕುಂತಿತ್ತ ನೋಡ್ರಿ,” ಎಂದರು ಕಾಕಾ ದೋಣಿ ಹಚ್ಚುತ್ತ. “ಊದಿ ಊದಿ ಗಲ್ಲ ಬಾತಾವ. ಗಾಳಿಗೆ ಯಾರಿಗೆ ಕೇಳಬೇಕ.”

ಅವಳು ಗೋಣಿಚೀಲದ ಮೇಲೆ ಇಳಿದಳು. ಬಯ್ಯಬೇಕೆಂದುಕೊಂಡಿದ್ದವಳು ನಾನು, “ಈಜಾಕ ಹೋಗಲಿಲ್ಲಲ್ಲ?” ಎಂದಷ್ಟೇ ಕೇಳಿದೆ.

“ಯಾಕ ಹೋಗ್ಲಿರಿ?” ಎಂದಳು, ನನಗಿಷ್ಟೂ ತಿಳಿಯದೆಂಬಂತೆ. “ನನ್ನ ಚಪ್ಪಲಿ ಇಲ್ಲೇ ಇದ್ವಲ್ರಿ ಅಕ್ಕೋರ. ನೀವು ಎಣಸ್ತೀರಿ ಅಂತ ಗೊತ್ತಿತ್ತು.”

ಬಹುಮಾನ ವಿತರಣೆ ಮುಕ್ಕಾಲು ಗಂಟೆ ತಡವಾಯಿತು. ಯಾವ ತಂಡ ಗೆದ್ದಿತೆಂದು ನಾನು ಬರೆದುಕೊಂಡಿಲ್ಲ. ಇಂಥದ್ದೊಂದು ವಿವರ ನನ್ನ ದಿನಚರಿಯಲ್ಲಿ ತಪ್ಪಿದ್ದು ಆ ಒಂದೇ ದಿನ. ಬಸ್ಸು ಹತ್ತುವಾಗ ಬಾಗಿಲಲ್ಲಿ ನಿಂತು ಎಣಿಸಿದವರು ಮುಖ್ಯಗುರುಗಳು. “ಇಪ್ಪತ್ತನಾಲ್ಕ,” ಎಂದು ಕೂಗಿ ನನ್ನ ಕಡೆ ನೋಡಿದರು. “ನೀವೊಮ್ಮೆ ಎಣಿಸ್ರಿ.”

ನಾನು ಎಣಿಸಿದೆ. ತಲೆಯನ್ನೂ, ಸೀಟಿನ ಕೆಳಗೆ ಬಗ್ಗಿ ಕಾಲನ್ನೂ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಮೂರನೆಯ ಸಾಲಿನಲ್ಲಿತ್ತು, ಪಾದ ಒಳಗಿತ್ತು.