ಸೋದರಮಾವನ ತೊಡೆ

ಜಾವಳದ ದಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ತೆಗೆಸುವುದು ಸೋದರಮಾವನ ಹಕ್ಕು. ಅಪ್ಪನಾದವನು ಪಕ್ಕದಲ್ಲಿ ಸುಮ್ಮನೆ ನಿಂತಿರಬೇಕು. ನನ್ನ ಮಗನ ಜಾವಳದಲ್ಲಿ ನನಗೆ ಆ ನಿಲ್ಲುವ ಭಾಗ್ಯವೂ ಸಿಗಲಿಲ್ಲ.

ಬನಹಟ್ಟಿಯಲ್ಲಿ ನಾನು ಮಗ್ಗ ನಡೆಸುತ್ತಿದ್ದೆ, ಅವನ ತಾಯಿ ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳು. ಜಾತಿ ಬೇರೆ ಎಂದು ಅವಳಪ್ಪ ಮದುವೆಗೆ ಒಪ್ಪಲಿಲ್ಲ. ಅವಳು ಬಸುರಿ ಎಂದು ಗೊತ್ತಾದ ಮೇಲಂತೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಲಗಲಿಗೆ ಹೋಗಿಬಿಟ್ಟ. ಮಗಳ ಗಂಡ ತೀರಿಕೊಂಡ ಎಂದು ಅಲ್ಲಿ ಹೇಳಿದರಂತೆ. ಹೀಗೆ ಜೀವಂತ ಇರುವಾಗಲೇ ನನ್ನ ತಿಥಿ ಮುಗಿಯಿತು.

ಮಗನ ಮುಖ ತೋರಿಸಿ ಎಂದು ನಾನು ಬೆನ್ನು ಹತ್ತಿದ್ದೆ. ಅವಳಿಗೆ ಅಣ್ಣತಮ್ಮಂದಿರಿಲ್ಲ. ಜಾವಳ ಬಂದಾಗ ಅವಳಪ್ಪನೇ ಫೋನ್ ಮಾಡಿದ.

“ಕೂಸಿನ್ನ ಎತ್ತಿಕೋಬೇಕಂದ್ರ ಆಕಿ ಅಣ್ಣಾಗಿ ಬಂದು ಕುಂಡ್ರು. ಇಲ್ಲಂದ್ರ ಬರಬ್ಯಾಡ.”

ಮೈಯೆಲ್ಲ ಉರಿಯಿತು. ಆದರೂ ಬೆಳ್ಳಿ ಉಡದಾರ, ಹೊಸ ಅಂಗಿ ಕೊಂಡು ಮೊದಲ ಬಸ್ಸಿಗೇ ಹೋದೆ. ಕತ್ತರಿ ಕಂಡು ಹುಡುಗ ಅತ್ತ, ನನ್ನ ಅಂಗಿ ಬಿಗಿಯಾಗಿ ಹಿಡಿದುಕೊಂಡ. ಅಷ್ಟು ಸುಖ ನಾನು ಮತ್ತೆ ಕಂಡಿಲ್ಲ. ಎಲ್ಲರೆದುರು ಅವಳು ನನ್ನನ್ನು “ಅಣ್ಣಾ” ಎಂದು ಕರೆದು ಊಟಕ್ಕೆ ಎಬ್ಬಿಸಿದಳು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಮಗನನ್ನು ಬಿಟ್ಟಿರಲಾಗದೆ ಮುಂದೆ ಜಮಖಂಡಿಯಲ್ಲಿ ಒಬ್ಬ ವಕೀಲರನ್ನು ಕಂಡೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪಾಲಕಿ, ಆಮೇಲೆ ತಂದೆ; ಆದರೂ ತಂದೆ ಎಂದು ಸಾಬೀತಾದರೆ ಮಗುವನ್ನು ಭೇಟಿಯಾಗಲು ಅನುಮತಿ ಕೇಳಬಹುದು, ಡಿಎನ್‌ಎ ಪರೀಕ್ಷೆಗೆ ಅರ್ಜಿ ಹಾಕೋಣ ಎಂದರು. ನಾನು ಹಿಗ್ಗಿಹೋದೆ. ಅದೇ ಹಿಗ್ಗಿನಲ್ಲಿ ಜಾವಳದ ಸಂಗತಿಯನ್ನೂ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಕೋರ್ಟಿನ್ಯಾಗ ಗೆಲ್ಲಬಹುದು. ಆದ್ರ ಆ ಊರಾಗ ಆಕಿ ಅಣ್ಣನ ಕೂಸು ಹಡದಾಕಿ ಆಗ್ತಾಳ. ಅದನ್ನ ಯಾವ ಜಡ್ಜ್ ಅಳಸ್ತಾರ್ರೀ?”

ಅರ್ಜಿ ಹಾಕಲಿಲ್ಲ. ಅವಳಿಗೆ ಆ ಹೆಸರು ಬರುವುದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಈಗ ಅಣ್ಣಂದಿರು ತಂಗಿಯರನ್ನು ಕಾಣಲು ಹೋಗುವ ನಾಗರಪಂಚಮಿಗೆ ತಪ್ಪದೆ ಗಲಗಲಿಗೆ ಹೋಗುತ್ತೇನೆ. ಅಣ್ಣನಿಗೆ ಯಾರೂ ಬೇಡ ಅನ್ನುವುದಿಲ್ಲ. ಈ ಸಲ ಹುಡುಗ ಉಂಡಿ ತಿನ್ನುತ್ತ ನನಗೆ ಒರಗಿ ಕೂತ.

“ಮಾಮಾ, ನೀ ನಮ್ಮಪ್ಪನ್ನ ನೋಡಿದ್ದೇನು? ಹ್ಯಾಂಗಿದ್ದ?”

ಒಳಗೆ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ನಿನ್ನ ಹಾಗೇ ಇದ್ದ ಎಂದೆ.

“ಯಾವಾಗ ಸತ್ತ?”

ನಿನ್ನ ಜಾವಳದ ದಿನ ಎಂದು ಹೇಳಲು ನನ್ನಿಂದಾಗಲಿಲ್ಲ.