ಎರಡು ಸಲ ಬಂದ ನಂಬರು

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ನಾನು ಬಾಗಿಲಿನ ಎಲೆಕ್ಟ್ರಾನಿಕ್ ಬೀಗಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಹೆಬ್ಬಗೋಡಿಯಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಮನೆ ಹಿಡಿದೆ. ಆಫೀಸಿನಲ್ಲಿ ಉಳಿದವರೆಲ್ಲ ನನಗಿಂತ ಬಹಳ ಚಿಕ್ಕವರು. ಮಾತಾಡಿಸಿದರೆ ಮರ್ಯಾದೆಯಿಂದ ಉತ್ತರ ಕೊಟ್ಟು ತಮ್ಮ ಗುಂಪಿಗೆ ಹೋಗಿಬಿಡುತ್ತಿದ್ದರು. ಶನಿವಾರ, ಭಾನುವಾರ ಯಾರೊಂದಿಗೂ ಮಾತಿಲ್ಲದೆ ಕಳೆಯುತ್ತಿದ್ದವು, ಸೋಮವಾರ ಗೇಟಿನ ವಾಚ್‌ಮನ್‌ಗೆ ಹೇಳುವ ನಮಸ್ಕಾರವೇ ಮೊದಲ ಮಾತಾಗಿರುತ್ತಿತ್ತು.

ಊಟಕ್ಕೆ ನನ್ನ ಜೊತೆ ಕೂರುತ್ತಿದ್ದವಳು ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು ಮಾತ್ರ. ಯಾದಗಿರಿ ಕಡೆಯವಳು, ಕಾಂಟ್ರಾಕ್ಟ್ ಕೆಲಸ. ಒಂದು ದಿನ ನನ್ನ ಡಬ್ಬಿಯ ಚಿತ್ರಾನ್ನ ನೋಡಿ, ದಿನಾ ಇದೇನಾ ಎಂದು ಕೇಳಿ ಅರ್ಧ ರೊಟ್ಟಿ ಮುರಿದು ಕೊಟ್ಟಿದ್ದಳು. ಅವತ್ತಿನಿಂದ ಪಕ್ಕದಲ್ಲೇ ಕೂರತೊಡಗಿದಳು.

ಅವಳ ಕೆಲಸ ಲೇಬಲ್ ಅಂಟಿಸುವುದು. ಹೊಸ ಬೀಗಕ್ಕೆ ಮೊದಲ ಸಲ ಕರೆಂಟ್ ಕೊಟ್ಟಾಗ ಅದು ತನಗಾಗಿ ಎಂಟಂಕಿಯ ಒಂದು ಗುಟ್ಟಿನ ನಂಬರು ಹುಟ್ಟಿಸಿಕೊಳ್ಳುತ್ತದೆ. ಅದನ್ನು ಯಾರಿಗೂ ಊಹಿಸಲು ಬರಬಾರದು. ಊಹಿಸಿದವರು ಬಾಗಿಲು ತೆರೆಯಬಹುದು. ಕೊಂಡವರಿಗೆ ಮಾತ್ರ ಸಿಗುವಂತೆ ಪೆಟ್ಟಿಗೆಯೊಳಗಿನ ಲೇಬಲ್ ಮೇಲೆ ಅಚ್ಚಾಗುವುದು ಆ ನಂಬರೇ. ಅದನ್ನು ಹುಟ್ಟಿಸುವ ಪ್ರೋಗ್ರಾಂ ಬರೆದವಳು ನಾನು.

ಒಂದು ಮಧ್ಯಾಹ್ನ ಊಟ ಮಾಡುತ್ತ ಅವಳೆಂದಳು: "ಮೇಡಂ, ಇವತ್ತ ಹಚ್ಚಿದ ಒಂದು ನಂಬರ್ ನಿನ್ನೆನೂ ಹಚ್ಚಿದ್ದೆನ್ರಿ."

ದಿನಕ್ಕೆ ಅಷ್ಟೊಂದು ನಂಬರು ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ ಎಂದು ನಾನು ನಕ್ಕುಬಿಟ್ಟೆ.

"ಕೊನೀಗೆ ನನ್ನ ಮಗಳು ಹುಟ್ಟಿದ ತಾರೀಖು ಐತ್ರಿ. ಅದಕ್ಕ ನೆನಪೈತಿ."

ಊಟ ಮುಗಿಸಿ ದಾಖಲೆ ತೆಗೆದು ನೋಡಿದೆ. ಅವಳು ಹೇಳಿದ ನಂಬರು ಎರಡು ಸಲ ಇತ್ತು. ಬೇರೆ ನಂಬರುಗಳೂ ಹಾಗೇ ಮರಳಿ ಮರಳಿ ಬಂದಿದ್ದವು. ತಪ್ಪು ನನ್ನ ಪ್ರೋಗ್ರಾಂನದೇ ಆಗಿತ್ತು. ಕಂಪ್ಯೂಟರು ಸುಮ್ಮನೆ ಒಂದು ನಂಬರು ಹುಟ್ಟಿಸಲಾರದು. ಮೊದಲೊಂದು ಅಂಕಿ ಕೊಟ್ಟರೆ ಅದರಿಂದ ಲೆಕ್ಕ ಹಾಕಿ ಮುಂದಿನದನ್ನು ತೆಗೆಯುತ್ತದೆ. ಕರೆಂಟ್ ಬಂದು ಎಷ್ಟು ಹೊತ್ತಾಯಿತು ಎಂಬುದನ್ನೇ ನಾನು ಆ ಮೊದಲ ಅಂಕಿಯಾಗಿ ಕೊಟ್ಟಿದ್ದೆ. ನನ್ನ ಮೇಜಿನ ಮೇಲೆ ಸ್ವಿಚ್ಚು, ಬಟನ್ ಎಲ್ಲ ಕೈಯಿಂದಲೇ ಒತ್ತುತ್ತಿದ್ದುದರಿಂದ ಪ್ರತಿ ಸಲ ಚೂರು ಹೆಚ್ಚುಕಡಿಮೆಯಾಗುತ್ತಿತ್ತು. ಕೆಳಗೆ ಬೀಗ ತಯಾರಾಗುವ ಕಡೆ ಅದನ್ನೆಲ್ಲ ಯಂತ್ರ ಒತ್ತುತ್ತಿತ್ತು, ಪ್ರತಿ ಸಲ ಸುಮಾರು ಅದೇ ಕ್ಷಣಕ್ಕೆ. ಮೊದಲ ಅಂಕಿ ಒಂದೇ ಆದರೆ ಹುಟ್ಟುವ ನಂಬರೂ ಒಂದೇ. ಕರೆಂಟಿನ ಸಣ್ಣ ನಡುಕದಿಂದ ಯಾರೂ ಊಹಿಸಲಾಗದ ಅಂಕಿ ತೆಗೆದುಕೊಡುವ ಭಾಗವೊಂದು ಬೀಗದ ಚಿಪ್‌ನಲ್ಲೇ ಇತ್ತು. ಅದು ಸಿದ್ಧವಾಗಲು ಸ್ವಲ್ಪ ಸಮಯ ಬೇಕು. ಆಮೇಲೆ ಸೇರಿಸೋಣ ಎಂದುಕೊಂಡು ಮರೆತಿದ್ದೆ.

ಮ್ಯಾನೇಜರ್ ನಂಬಲಿಲ್ಲ. ಮುಂದಿನ ಬೀಗಕ್ಕೆ ಬರಬಹುದಾದ ನಾಲ್ಕು ನಂಬರು ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಆ ಬೀಗಕ್ಕೆ ಬಂದದ್ದು ಅದರಲ್ಲಿ ಎರಡನೆಯದು. ಅವರು ಚೀಟಿಯನ್ನೇ ನೋಡುತ್ತ ಕೇಳಿದರು, "ಈ ತಪ್ಪು ಹೇಗೆ ಗೊತ್ತಾಯ್ತು?"

"ಟೆಸ್ಟ್ ಮಾಡ್ತಾ ಸಿಕ್ತು ಸಾರ್," ಎಂದೆ.

ತಪ್ಪು ನನ್ನದು, ಹಿಡಿದದ್ದಾದರೂ ನನ್ನದಾಗಿರಲಿ ಎಂದು ಆ ಕ್ಷಣ ಅನ್ನಿಸಿತ್ತು.

ಮಾಲು ಇನ್ನೂ ಗೋಡೌನಿನಲ್ಲೇ ಇತ್ತು. ಎಲ್ಲ ವಾಪಸ್ ತರಿಸಿ ಸರಿಮಾಡಿದೆವು. ತನ್ನ ತಪ್ಪನ್ನು ತಾನೇ ಹಿಡಿದು ಹೇಳುವ ಧೈರ್ಯ ಎಷ್ಟು ಜನಕ್ಕಿದೆ ಎಂದು ಮ್ಯಾನೇಜರ್ ಎಲ್ಲರ ಮುಂದೆ ಹೊಗಳಿದರು. ಹಿಂದೆ ನಿಂತಿದ್ದ ಅವಳೂ ಚಪ್ಪಾಳೆ ತಟ್ಟಿದಳು. ಮರುದಿನ ಊಟಕ್ಕೆ ಪ್ಯಾಕಿಂಗ್‌ನವರ ಜೊತೆ ಕೂತಳು. ನಾನೂ ಎದ್ದು ಹೋಗಿ ಮಾತಾಡಿಸಲಿಲ್ಲ. ಎರಡು ವಾರದಲ್ಲಿ ಕಾಂಟ್ರಾಕ್ಟರ್ ಅವಳನ್ನು ಪೀಣ್ಯದ ಫ್ಯಾಕ್ಟರಿಗೆ ಹಾಕಿದ.

ತಪ್ಪು ಹಿಡಿದದ್ದು ಅವಳು ಎಂದು ಬರೆದು ಮ್ಯಾನೇಜರಿಗೆ ಮೇಲ್ ಕಳಿಸಿದೆ. "ನೋಡಿದೆ, ಥ್ಯಾಂಕ್ಸ್" ಎಂದು ಒಂದು ಸಾಲಿನ ಉತ್ತರ ಬಂತು. ಅಷ್ಟಕ್ಕೆ ಸಮಾಧಾನವಾಗದೆ ಒಂದು ಭಾನುವಾರ ಮೆಟ್ರೋ ಬದಲಿಸಿಕೊಂಡು ದಾಸರಹಳ್ಳಿಯ ಅವಳ ಮನೆಗೆ ಹೋದೆ. ಒಂದೇ ರೂಮು, ಮಗಳು ಮೂಲೆಯಲ್ಲಿ ಓದುತ್ತಿದ್ದಳು. ಅವಳು ನನ್ನನ್ನು ಮಂಚದ ಮೇಲೆ ಕೂರಿಸಿ ಚಹಾ ಮಾಡಿದಳು. ನಾನು ಎಲ್ಲ ಹೇಳಿ, ತಪ್ಪಾಯಿತು ಎಂದೆ.

ಅವಳು ಲೋಟ ಕೆಳಗಿಟ್ಟಳು. "ನನ್ನ ಹೆಸರು ಹೇಳ್ಬೇಕಿತ್ತು ಅಂತಲ್ರಿ ಮೇಡಂ. ನಾ ಚಪ್ಪಾಳಿ ಹೊಡಿಯೋವಾಗ ನೀವು ನನ್ನ ಕಡೆ ನೋಡ್ಲೇ ಇಲ್ಲ."

ಚಹಾ ಮುಗಿಸಿ ಎದ್ದೆ. ಮೆಟ್ರೋ ಮೆಟ್ಟಿಲವರೆಗೆ ಅವಳು ಜೊತೆಗೆ ಬಂದಳು. ಮತ್ತೆ ಬರುತ್ತೇನೆ ಎಂದೆ. "ಬರ್ರಿ," ಎಂದಳು.

ಆಮೇಲೆ ಎರಡು ಸಲ ಫೋನ್ ಮಾಡಿದೆ. ಚೆನ್ನಾಗಿ ಮಾತಾಡಿದಳು, ಮಗಳ ಶಾಲೆಯ ಸುದ್ದಿ ಹೇಳಿದಳು. ತಾನಾಗಿ ಒಮ್ಮೆಯೂ ಮಾಡಿಲ್ಲ.