‘ಪೇಟಿ ಸರಿ ಐತ್ರಿ’ ಅಂದವನು ನಾನು

ಈ ವಿಷಯವನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಈ ಅಂಕಣ ಶುರುವಾದ ಮೊದಲ ವಾರ ಇದನ್ನೇ ಬರೆಯಲು ಕೂತಿದ್ದೆ. ಬರೆದದ್ದು ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಚಹಾದ ಬಗ್ಗೆ. ಆಮೇಲೆ ಹಲ್ಲುನೋವಿನ ಬಗ್ಗೆ ಬರೆದೆ. ಹೆಂಡತಿಯ ಮೊಬೈಲ್ ಬಗ್ಗೆ ಬರೆದೆ. ಬೀದಿನಾಯಿಗಳ ಬಗ್ಗೆ ಎರಡೆರಡು ವಾರ ಬರೆದೆ. ನೀವು ಓದಿ ನಕ್ಕಿರಿ. ನಾನು ತಪ್ಪಿಸಿಕೊಂಡೆ.

ಇನ್ನು ತಪ್ಪಿಸಿಕೊಳ್ಳಲು ಜಾಗ ಇಲ್ಲ. ಹೋದ ಭಾನುವಾರ ರಾವಸಾಬ ಬಂದಿದ್ದ.

ಯಾವ ರಾವಸಾಬ ಎಂದು ಕೇಳುತ್ತೀರಿ. ಸಿನಿಮಾ ಪೋಸ್ಟರಿನಲ್ಲಿ ‘ಸಂಗೀತ’ ಎಂದು ಬರೆದ ಕೆಳಗೆ ನೀವು ನೋಡುವುದು ಅವನ ಬೆಂಗಳೂರಿನ ಹೆಸರು. (ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅವನ ಹಾಡು ಗುನುಗುತ್ತಾ ಕೂಡುತ್ತೀರಿ, ನನ್ನ ಮಾತು ಕಿವಿಗೆ ಹೋಗುವುದಿಲ್ಲ.) ನಮಗೆ ಅವನು ಅಲಖನೂರಿನ ರಾವಸಾಬ. ಕಬ್ಬಿನ ಹೊಲದ ಬದುವಿನ ಮೇಲೆ ಕೂತು ಪೇಟಿ ಬಾರಿಸುತ್ತಿದ್ದ ಹುಡುಗ. ಪೇಟಿ ಅಂದರೆ ಹಾರ್ಮೋನಿಯಂ. ಅದನ್ನು ರಿಪೇರಿ ಮಾಡುವವನು ಪೇಟಿ ಮಿಸ್ತ್ರಿ. ಅದು ನಾನು. ಮೆಟ್ರಿಕ್ ಆದ ಮೇಲೆ ನಾನು ಕಲಿತ ವಿದ್ಯೆ ಅದೊಂದೇ.

ಭಾನುವಾರ ಚಿಕ್ಕೋಡಿಯಲ್ಲಿ ಅವನಿಗೆ ಸನ್ಮಾನ. ನನಗೂ ಒಂದು ಶಾಲು, ಏಕೆಂದರೆ ಅವನ ಮೊದಲ ಪೇಟಿ ಶ್ರುತಿ ಮಾಡಿದವನು ನಾನಂತೆ. ರಾವಸಾಬ ಮೈಕ್ ಹಿಡಿದ.

“ನನ್ನ ಜೀವನಾ ಬದಲ ಮಾಡಿದ್ದು ಒಂದ ಹುಡುಗಿ!” ಅಂದ.

ಹಿಂದಿನ ಸಾಲಿನಿಂದ ಸೀಟಿ ಬಿತ್ತು.

“ಏ, ಲವ್ ಅಲ್ರೋ ತಮ್ಮಾ! ಸ್ವರಾ ತಪ್ಪಿದ ಹುಡುಗಿ! ಅಥಣಿ ಕಾಂಪಿಟೇಶನ್‌ದಾಗ ಆಕಿ ಇಳದ ಹಾಡಲಿಲ್ಲಂದ್ರ ನನಗ ಈ ಶ್ರುತಿ ಹುಚ್ಚ ಹಿಡೀತಿದ್ದಿಲ್ಲ. ಹುಚ್ಚ ಹಿಡೀಲಿಲ್ಲಂದ್ರ ಈ ಶಾಲೂ ಬರ್ತಿದ್ದಿಲ್ಲ!”

ಸಭೆ ನಕ್ಕಿತು. ನಾನೂ ನಕ್ಕೆ. ನಗದೇ ಇದ್ದರೆ ಯಾರಾದರೂ ನೋಡುತ್ತಿದ್ದರಲ್ಲ?

ಆಮೇಲೆ ವೇದಿಕೆಯ ಹಿಂದೆ ಚಹಾ ಕುಡಿಯುವಾಗ ಹೆಗಲ ಮೇಲೆ ಕೈ ಹಾಕಿದ. “ದಾದಾ, ನನ್ನ ಆತ್ಮಕಥಿ ಪ್ರಿಂಟಿಗೆ ಹೊಂಟೈತಿ. ಅಥಣಿ ಚಾಪ್ಟರಿಗೆ ನೀ ಎರಡ ಪೇಜ್ ಬರದ ಕೊಡು. ಪೇಟಿ ಶ್ರುತಿ ಮಾಡಿದಾಂವ ನೀನು. ನೀನ ಸಾಕ್ಷಿ.”

“ಯಾವಾಗ ಬೇಕು?”

“ಇದ ವಾರ. ನೀ ಹೆಂಗೂ ಪೇಪರಿನ್ಯಾಗ ಬರೀತಿ, ನಿನಗೇನ ಹೊಸದ?”

ಅವತ್ತಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಅಂಗಡಿಗೆ ಹೋಗುತ್ತೇನೆ, ಪೇಟಿ ಬಿಚ್ಚುತ್ತೇನೆ, ಮುಚ್ಚುತ್ತೇನೆ. ಮತ್ತೆ ಅದೇ ಪೇಟಿ ಬಿಚ್ಚುತ್ತೇನೆ. ಇಷ್ಟು ವರ್ಷ ಈ ಕಥೆ ಬಾಯಿಮಾತಾಗಿ ಇತ್ತು. ಪುಸ್ತಕವಾದರೆ ನಾವೆಲ್ಲ ಸತ್ತ ಮೇಲೂ ಇರುತ್ತದೆ. ಅದಕ್ಕೆ ಸಾಕ್ಷಿ ಹಾಕಬೇಕಾದವನು ನಾನು! ಆದದ್ದು ಏನು ಎಂಬುದು ಗೊತ್ತಿರುವವನೂ ನಾನೊಬ್ಬನೇ.

ಹೇಳಿಬಿಡುತ್ತೇನೆ.

ನಲವತ್ತು ವರ್ಷದ ಹಿಂದಿನ ಮಾತು. ರಾವಸಾಬನಿಗೆ ಇಪ್ಪತ್ತೆರಡು. ಸ್ವಂತ ಟ್ಯೂನ್ ಕಟ್ಟುತ್ತಿದ್ದ, ಆದರೆ ಗಂಟಲು ಕಬ್ಬಿಣದ ಸರಳಿನಂತೆ. ಹಾಡಲು ಒಬ್ಬರು ಬೇಕಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುವ ಹೆಣ್ಣುಮಕ್ಕಳು ಕೆಲಸ ಮಾಡುತ್ತಲೇ ಹಾಡುತ್ತಿದ್ದರು. ಅವರಲ್ಲಿ ಒಬ್ಬಳ ದನಿ ಮಾತ್ರ ತಗಡಿನ ಛಾವಣಿ ದಾಟಿ ರಸ್ತೆಗೆ ಬರುತ್ತಿತ್ತು. ಸೈಕಲ್ ನಿಲ್ಲಿಸಿ ಕೇಳಿದ ರಾವಸಾಬ, ಅವಳ ಅವ್ವನ ಕಾಲಿಗೆ ಬಿದ್ದು ಒಪ್ಪಿಸಿದ. ಆರು ತಿಂಗಳು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ತಾಲೀಮು. ಇವನು ಬಾರಿಸುವುದು, ಅವಳು ಹಾಡುವುದು. ಹತ್ತೊಂಬತ್ತರ ಹುಡುಗಿ. ಬೆರಳಿಗೆ ತಂಬಾಕಿನ ವಾಸನೆ. ತಾರಕದ ಷಡ್ಜಕ್ಕೆ, ಅಂದರೆ ಎಲ್ಲಕ್ಕಿಂತ ಮೇಲಿನ ‘ಸಾ’ಕ್ಕೆ, ಹೋಗಿ ನಿಂತಳೆಂದರೆ ಅಲ್ಲಾಡುತ್ತಿರಲಿಲ್ಲ.

ಅಥಣಿಯಲ್ಲಿ ಗಾಯನ ಸ್ಪರ್ಧೆ ಇಟ್ಟರು. ತೀರ್ಪುಗಾರರು ಬೆಂಗಳೂರಿನ ಒಬ್ಬ ಸಿನಿಮಾ ಸಂಗೀತ ನಿರ್ದೇಶಕರು. ಚೆನ್ನಾಗಿ ಹಾಡಿದವರನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತಾರಂತೆ ಎಂದು ಸುದ್ದಿ. ಹಿಂದಿನ ದಿನ ರಾವಸಾಬ ಪೇಟಿ ತಂದು ಎದುರಿಗಿಟ್ಟ. “ದಾದಾ, ಮ್ಯಾಲಿನ ಸಾ ಒಂದೀಟ ಇಳದೈತಿ. ಏರಸು.”

ಪೇಟಿಯೊಳಗೆ ಒಂದೊಂದು ಸ್ವರಕ್ಕೂ ಹಿತ್ತಾಳೆಯ ಸಣ್ಣ ನಾಲಗೆ ಇರುತ್ತದೆ. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಕೆರೆದು, ಬಾರಿಸಿ, ಮತ್ತೆ ಕೆರೆಯುವ ಕೆಲಸ. ತಾಳ್ಮೆ ಬೇಕು. ಅವತ್ತು ರಾಯಬಾಗದಲ್ಲಿ ಕುಸ್ತಿ ಇತ್ತು. ಹೊರಗೆ ಗೆಳೆಯ ಮೋಟಾರ್ ಸೈಕಲ್ ಹಾರ್ನ್ ಒತ್ತುತ್ತಿದ್ದ.

ಜಾಸ್ತಿ ಕೆರೆದೆ. ಸ್ವರ ಏರಿಹೋಯಿತು. ಬುಡ ಕೆರೆದು ಇಳಿಸಲು ಹೋದೆ, ನಾಲಗೆ ತೆಳ್ಳಗಾಯಿತೇ ಹೊರತು ಸ್ವರ ಪೂರ್ತಿ ಇಳಿಯದೆ ಬೇರೆಯೇ ಸದ್ದು ಮಾಡತೊಡಗಿತು. ಅಲ್ಲಿಗೇ ಬಿಟ್ಟೆ. ಹೊಸ ನಾಲಗೆ ಸಿಗುವುದು ಮಿರಜಿನಲ್ಲಿ. ಹೋಗಬಹುದಿತ್ತು. ಕುಡಚಿ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದ್ದರೆ ಕತ್ತಲಾಗುವುದರೊಳಗೆ ತಂದು ಹಾಕಬಹುದಿತ್ತು.

ಒಂದು ಸ್ವರ. ಅದೂ ಕೂದಲೆಳೆಯಷ್ಟು. ಯಾರಿಗೆ ಗೊತ್ತಾಗುತ್ತದೆ?

ಸ್ಕ್ರೂ ಬಿಗಿದು ಕುಸ್ತಿಗೆ ಹೋದೆ. (ಯಾರು ಗೆದ್ದರು ಎಂದು ಈಗ ನೆನಪೂ ಇಲ್ಲ.)

ಮರುದಿನ ರಾವಸಾಬ ನನ್ನನ್ನು ನಂಬಿ, ಬಾರಿಸಿ ನೋಡದೆಯೇ ಪೇಟಿ ಒಯ್ದ. ಅಥಣಿಯಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೈಕನ್ನು ಪೇಟಿಯ ಬಾಯಿಗೇ ಹಿಡಿದಿದ್ದರು. ಹುಡುಗಿ ಹಾಡುತ್ತಾ ಹಾಡುತ್ತಾ ತಾರಕದ ಷಡ್ಜಕ್ಕೆ ಏರಿ ನಿಂತಳು. ಸರಿಯಾಗಿ ನಿಂತಳು. ಪೇಟಿ ಅವಳಿಗಿಂತ ಮೇಲೆ ಹೋಗಿ ಕಿರುಚಿತು. ಎರಡೂ ಒಟ್ಟಿಗೆ ಕೇಳಿದಾಗ ಜನರಿಗೆ ಅನ್ನಿಸುವುದೇನು? ಹುಡುಗಿ ಇಳಿದಳು ಎಂದು. ಮೂರು ಸಲ ಆ ಜಾಗ ಬಂತು. ಮೂರು ಸಲವೂ ಹಾಗೇ ಆಯಿತು. ಮೂರನೇ ಸಲ ಅವಳು ಪೇಟಿಯತ್ತ ತಿರುಗಿ ನೋಡಿದಳು.

ಬೆಂಗಳೂರಿನ ಆ ನಿರ್ದೇಶಕರು ಬುದ್ಧಿವಂತರು. ಕೇಳಿಯೇಬಿಟ್ಟರು: “ಈ ಹಾರ್ಮೋನಿಯಂ ಶ್ರುತಿ ಮಾಡಿದ್ದು ಯಾರು? ಸರಿ ಇದೆಯಾ?”

ಇಡೀ ಸಭೆ ನನ್ನತ್ತ ತಿರುಗಿತು. ಎದ್ದು ನಿಂತೆ. “ನಾನ್ರೀ. ನಿನ್ನೀನ ಮಾಡೇನಿ. ಪೇಟಿ ಸರಿ ಐತ್ರಿ.”

ಮೂರೇ ಮೂರು ಶಬ್ದ.

ಅವರು ತಲೆಯಾಡಿಸಿ ರಾವಸಾಬನಿಗೆ ಹೇಳಿದರು: “ಟ್ಯೂನ್ ಚೆನ್ನಾಗಿದೆ ಕಣಯ್ಯಾ, ನೀನು ಬಾ. ಆ ಹುಡುಗಿ ಬೇಡ, ಮೇಲೆ ಹೋದರೆ ಜಾರ್ತಾಳೆ.”

ಇನ್ನೊಂದು ಮಾತು ಹೇಳದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ. ಹಾಡಿದವಳು ದೊಡ್ಡ ಮನೆತನದ ಹುಡುಗಿಯಾಗಿದ್ದರೆ ಅವಳ ಅಪ್ಪ ಎದ್ದು “ಪೇಟಿ ಬಿಚ್ಚಿ ತೋರಸೋ ಮಿಸ್ತ್ರಿ” ಅನ್ನುತ್ತಿದ್ದ. ಇವಳು ವಖಾರಿಯಲ್ಲಿ ಎಲೆ ಆರಿಸುವವಳು, ಊರ ಹೊರಗಿನ ಓಣಿಯವಳು. ಯಾರೂ ಬಿಚ್ಚು ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಎದ್ದು ನಿಂತಿದ್ದೆ.

ಮುಂದಿನದು ಇನ್ನೂ ಕೆಟ್ಟದ್ದು. ಸ್ಕ್ರೂ ಸಡಿಲಾಗಿದೆ ಎಂದು ನೆಪ ಹೇಳಿ ಪೇಟಿಯನ್ನು ಅಂಗಡಿಗೆ ತಂದೆ. ಹಿಂದಿನ ದಿನ ದೂರ ಅನ್ನಿಸಿದ ಮಿರಜ್ ಅವತ್ತು ದೂರ ಅನ್ನಿಸಲಿಲ್ಲ. ಹೊಸ ನಾಲಗೆ ತಂದು ಕೂರಿಸಿದೆ. ಮೂರನೇ ದಿನ ಇಬ್ಬರೂ ಬಂದರು. ಅವಳೇ ಹಟ ಮಾಡಿ ಕರೆತಂದಿದ್ದಳು.

“ಪೇಟಿ ಒಮ್ಮಿ ನೋಡೂಣು,” ಅಂದಳು.

ತಾನೇ ಬೆರಳಿಟ್ಟು ಮೇಲಿನ ‘ಸಾ’ ಒತ್ತಿದಳು. ಬಾಯಿ ತೆರೆದು ಸ್ವರ ಸೇರಿಸಿದಳು. ನೀರಿಗೆ ನೀರು ಸೇರಿದಂತೆ ಸೇರಿತು.

“ಈಗ ಹೊಂದತೈತಿ,” ಅಂದಳು. “ಅವತ್ತ ಯಾಕ ಹೊಂದಲಿಲ್ಲ?”

ನಾನು ಸ್ಕ್ರೂಡ್ರೈವರ್ ಒರೆಸುತ್ತಿದ್ದೆ.

“ಹೆದರಿದ್ದಿ ನೀ,” ಅಂದ ರಾವಸಾಬ.

“ಹಂಗಾರ ನಂದ ತಪ್ಪಾತು,” ಅಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದಳು. ಅಷ್ಟೇ. ಮತ್ತೆ ಎಲ್ಲೂ ಹಾಡಲಿಲ್ಲ.

ರಾವಸಾಬನ ಮುಂದಿನ ಕಥೆ ನಿಮಗೆ ಗೊತ್ತಿದೆ. ಆರು ವರ್ಷ ಬೇರೆಯವರ ಹಾಡಿಗೆ ಪೇಟಿ, ಆಮೇಲೆ ಕೀಬೋರ್ಡ್. ಅವನನ್ನು ಕರೆಸಿಕೊಂಡ ಗುರುಗಳು ಕಾಯಿಲೆ ಬಿದ್ದಾಗ ಒಂದು ಹಾಡು ಇವನೇ ಮಾಡಿದ. ಆ ಹಾಡು ಟ್ರ್ಯಾಕ್ಟರುಗಳಲ್ಲೂ ಮದುವೆ ಬ್ಯಾಂಡುಗಳಲ್ಲೂ ಎರಡು ವರ್ಷ ಕೇಳಿತು. ನಮ್ಮ ಕಡೆಯ ಧಾಟಿಯನ್ನು ಸಿನಿಮಾಕ್ಕೆ ತಂದವನು ಎಂದು ಹೊಗಳಿದರು. ಹಾಡುವ ಹೆಣ್ಣುಮಕ್ಕಳನ್ನು ಒಂದು ಸಾಲಿಗೆ ನಲವತ್ತು ಸಲ ಹಾಡಿಸಿ ಅಳಿಸುತ್ತಾನೆ ಎಂಬ ಹೆಸರೂ ಬಂತು. ದನಿ ನೆಟ್ಟಗೆ ಮಾಡುವ ಕಂಪ್ಯೂಟರ್ ಬಂದಾಗ ಮೊದಲು ತರಿಸಿಕೊಂಡವರಲ್ಲಿ ಇವನೂ ಒಬ್ಬ. “ಮನುಷ್ಯಾರ ಗಂಟಲ ನಂಬಬಾರದು, ಮಶೀನ್ ನಂಬಬೇಕು” ಎಂದು ಟೀವಿಯಲ್ಲಿ ಹೇಳುತ್ತಾನೆ. ಈಗ ರಿಯಾಲಿಟಿ ಶೋ ಜಡ್ಜ್. ಕಣ್ಣೀರು ತುಂಬಿಕೊಂಡ ಹುಡುಗಿಗೆ “ಶ್ರುತಿ ಸೇರ್ಲಿಲ್ಲಮ್ಮಾ” ಅನ್ನುವಾಗ ನಾನು ರಿಮೋಟ್ ಹುಡುಕುತ್ತೇನೆ.

“ಅಲ್ರೀ, ನಿಮ್ಮ ದೋಸ್ತ ಬಂದ ಕೂಡ್ಲೇ ಟೀವಿ ಯಾಕ ಬಂದ್ ಮಾಡ್ತೀರಿ? ಹೊಟ್ಟಿಕಿಚ್ಚೇನ?” ಎಂದು ಹೆಂಡತಿ ಕೇಳುತ್ತಾಳೆ.

ಹೊಟ್ಟೆಕಿಚ್ಚಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಮಂಗಳವಾರ ನಿಪ್ಪಾಣಿಗೆ ಹೋದೆ. ಆ ಹುಡುಗಿಯ ಮನೆ ನನಗೆ ಗೊತ್ತು. ಯಾವಾಗಲೂ ಗೊತ್ತಿತ್ತು. ಇಷ್ಟು ವರ್ಷ ಬಸ್ ಇಳಿದು ಬೇಕೆಂದೇ ಇನ್ನೊಂದು ಓಣಿ ಹಿಡಿಯುತ್ತಿದ್ದೆ. ಹೊಸ್ತಿಲಲ್ಲಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

“ಯಾರ್ರಿ? ಅಯ್ಯ, ಪೇಟಿ ಮಿಸ್ತ್ರಿ! ಬರ್ರಿ, ಬಸಾ ಬಸಾ, ಕೂಡ್ರಿ. ಎಷ್ಟ ಮುದುಕ ಆಗೀರ್ರಿ!”

“ನೀ ಏನ ಹರೇದಾಕಿ ಅದೀ?”

ನಕ್ಕಳು. ಚಹಾ ಇಟ್ಟಳು. ರೇಷನ್ ಅಂಗಡಿಯ ಮಶೀನಿನಲ್ಲಿ ಹೆಬ್ಬೆರಳಿನ ಗುರುತು ಬರುತ್ತಿಲ್ಲವಂತೆ, ನಾಲ್ಕು ಸಲ ವಾಪಸ್ ಬಂದಳಂತೆ.

“ಮಶೀನ್ ಕೆಟ್ಟಿರಬೇಕು,” ಅಂದೆ.

“ಮಶೀನಿಂದೇನ ತಪ್ಪ್ರಿ? ಬೀಡಿ ಕಟ್ಟಿ ಕಟ್ಟಿ ನನ್ನ ಬೆರಳ ಸವದಾವ. ಅವರ ಕಡಿಯಿಂದ ಎಲ್ಲಾ ಬರೋಬ್ಬರಿ ಐತಂತ. ಅಂಗಡ್ಯಾಂವ ಹೇಳಿದ.”

‘ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ.’ ಈ ಮಾತನ್ನು ನೀವು ಎಷ್ಟು ಕಡೆ ಕೇಳಿಲ್ಲ? ಕರೆಂಟ್ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಫೋನ್ ಅಂಗಡಿಯಲ್ಲಿ? ಕೇಳಿ ಸುಮ್ಮನೆ ಮನೆಗೆ ಬಂದು ನಿಮ್ಮ ಕೈಯನ್ನೇ ನೀವು ತಿರುಗಿಸಿ ಮುರುಗಿಸಿ ನೋಡಿಕೊಂಡಿಲ್ಲವೇ? ಅನ್ನುವವನಿಗೆ ಅದು ಅರ್ಧ ನಿಮಿಷದ ಮಾತು.

“ಈಗ ಹಾಡತೀಯೇನ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಏನ ಹಾಡೂದ್ರಿ! ಮೊಮ್ಮಗಳಿಗಿ ಜೋಗುಳಾ ಸುದ್ದಾ ಹಾಡಲಿಲ್ಲ. ಮೊಬೈಲ್ ಹಚ್ಚಿ ಮಲಗಸ್ತಿದ್ನಿ.”

“ಯಾಕ?”

“ತಪ್ಪ ಸ್ವರಾ ಕೂಸಿನ ಕಿವ್ಯಾಗ ಯಾಕ ಹಾಕೂದ್ರಿ?”

ಸಹಜವಾಗಿ ಹೇಳಿದಳು. ದಾರ ಹಲ್ಲಿನಿಂದ ಕಚ್ಚಿ ಹರಿದು ಇನ್ನೊಂದು ಬೀಡಿ ತೆಗೆದುಕೊಂಡಳು. ನನ್ನ ಮೇಲೆ ಒಂದು ಚೂರೂ ಸಂಶಯವಿಲ್ಲ. ಸಂಶಯ ಇದ್ದಿದ್ದರೆ ಬಯ್ಯುತ್ತಿದ್ದಳು, ನಾನು ಕಾಲು ಹಿಡಿಯುತ್ತಿದ್ದೆ, ಮುಗಿಯುತ್ತಿತ್ತು.

ಬಾಯಿ ತೆರೆದೆ. ಈಗ ಹೇಳಬೇಕು ಎಂದುಕೊಂಡೇ ತೆರೆದೆ.

“ಚಹಾಕ್ಕ ಸಕ್ರಿ ಜಾಸ್ತಿ ಆಗೇತಿ,” ಅಂದೆ.

ಬಸ್ ಹತ್ತಿ ಬಂದುಬಿಟ್ಟೆ. ಸೀಟು ಇದ್ದರೂ ಚಿಕ್ಕೋಡಿವರೆಗೆ ನಿಂತೇ ಬಂದೆ.

ಈಗ ಬರೆಯುತ್ತಿದ್ದೇನೆ. ಇದನ್ನು ದೊಡ್ಡ ಧೈರ್ಯ ಅಂದುಕೊಳ್ಳಬೇಡಿ. ಅವಳು ಓದಿದ್ದು ಮರಾಠಿ ನಾಲ್ಕನೇ ಇಯತ್ತೆ. ಈ ಪತ್ರಿಕೆ ಅವಳ ಓಣಿಗೆ ಹೋಗುವುದಿಲ್ಲ. ಅದು ಗೊತ್ತಿದ್ದೇ ಇಲ್ಲಿ ಬರೆಯುತ್ತಿದ್ದೇನೆ. ನಾಳೆ ನಿಪ್ಪಾಣಿಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಬರೆದು ಮುಗಿಸಬಹುದು, ನಿಮಗೂ ಸಮಾಧಾನವಾಗುತ್ತದೆ. ಆದರೆ ಆ ‘ನಾಳೆ’ಯನ್ನು ನನಗೇ ನಾನು ಎಷ್ಟು ಸಲ ಹೇಳಿಕೊಂಡಿಲ್ಲ?

ರಾವಸಾಬ, ನೀನಂತೂ ಓದುತ್ತೀ. ನಿನ್ನ ಬಗ್ಗೆ ಬಂದದ್ದನ್ನು ನೀನು ಬಿಡುವವನಲ್ಲ. ಎರಡು ಪೇಜ್ ಕೇಳಿದ್ದೆಯಲ್ಲ, ಇದೇ ಅದು. ಪುಸ್ತಕ ಟೈಪ್ ಮಾಡುವ ಕಂಪ್ಯೂಟರಿನವನಿಗೆ ಕೊಡು, ಒಂದು ಅಕ್ಷರ ತಿದ್ದಬೇಡ. ಪೇಟಿ ಸರಿ ಇರಲಿಲ್ಲ. ನಿನ್ನ ಕಿವಿ ತಪ್ಪು ತಿಳಿಯಿತು. ನಾನು ಸುಳ್ಳು ಹೇಳಿದೆ. ಆ ಚಾಪ್ಟರಿನಲ್ಲಿ ‘ಒಂದು ಹುಡುಗಿ’ ಎಂದು ಇರುವ ಕಡೆಯಲ್ಲೆಲ್ಲ ಹೆಸರು ಹಾಕು.

ಅವತ್ತು ಅಥಣಿಯ ಆ ವೇದಿಕೆಯ ಮೇಲೆ ಸರಿಯಾದ ಸ್ವರದಲ್ಲಿ ಇದ್ದವಳು ಒಬ್ಬಳೇ: ಶೇವಂತಾ ಕಾಂಬಳೆ.